ಅಕ್ಕನ ಚಿಗರಿ

ನಿನ್ನೆ ಡ್ರಿಲ್ಲಿನ ಬಿಟ್ ಹುಡುಕುತ್ತ ನನ್ನ ಸಾಮಾನಿನ ಚೀಲವನ್ನು ನೆಲಕ್ಕೆ ಸುರಿದೆ. ಮೊಳೆ, ಸ್ಕ್ರೂ, ಪರದೆಯ ಕೊಂಡಿಗಳು, ಅಳತೆಯ ಟೇಪು, ಯಾವ ಮನೆಯದೋ ತಿಳಿಯದ ಒಂದು ಕೀಲಿಕೈ, ಇವುಗಳ ನಡುವೆ ಒಂದು ಐಸ್‌ಕ್ರೀಮ್ ಕಡ್ಡಿ ಬಿತ್ತು. ಅದರ ತುದಿಗೆ ಕೆಂಪು ಉಗುರುಬಣ್ಣ ಹಚ್ಚಿದೆ. ಬೇರೆ ಯಾರಾದರೂ ಆಗಿದ್ದರೆ ಕಸದ ಡಬ್ಬಿಗೆ ಎಸೆಯುತ್ತಿದ್ದರು. ನಾನು ಎಸೆಯಲಾರೆ. ಆ ಕಡ್ಡಿ ಕಂಡರೆ ನಾಲಿಗೆಯ ಮೇಲೆ ಕಹಿ ಬರುತ್ತದೆ. ನೊಂದವರ ಮನಸ್ಸಿನ ಕಹಿ ಎಂದು ತಿಳಿಯಬೇಡಿ. ನಾನು ಹೇಳುತ್ತಿರುವುದು ಸೊಪ್ಪಿನ ಕಹಿ, ರೊಟ್ಟಿಯ ಜೊತೆ ಅಗಿದು ನುಂಗಿದ್ದು.

ನಾನು ಪರದೆ ಹಾಕುವವನು. ದುಬೈಯ ಮನೆಗಳಿಗೆ ಹೋಗಿ ಕಿಟಕಿ ಅಳೆದು, ಗೋಡೆಗೆ ತೂತು ಹಾಕಿ, ಕಂಬಿ ಜೋಡಿಸಿ, ಪರದೆ ಇಳಿಬಿಟ್ಟು ಬರುತ್ತೇನೆ. ಇಲ್ಲಿಯ ಜನ ದೊಡ್ಡ ಕಿಟಕಿ ಇದೆಯೆಂದು ಹೆಚ್ಚು ಬಾಡಿಗೆ ಕೊಟ್ಟು ಮನೆ ಹಿಡಿಯುತ್ತಾರೆ, ವಾರದೊಳಗೆ ಬಿಸಿಲು ತಡೆಯಲಾಗದು ಎಂದು ನನ್ನನ್ನು ಕರೆಸುತ್ತಾರೆ. ಹೀಗೆ ಎಷ್ಟೋ ಚಂದದ ನೋಟಗಳ ಮೇಲೆ ಬಟ್ಟೆ ಎಳೆದ ಪುಣ್ಯಾತ್ಮ ನಾನು. ಎಂಟನೇ ಇಯತ್ತೆಯಲ್ಲಿ ಶಾಲೆಗೆ ಸಲಾಂ ಹೊಡೆದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ, ನನಗೆ ಯಾವ ದೂರೂ ಇಲ್ಲ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಾವು ನಾಲ್ವರು ಸೇರಿ ಒಂದು ಕೋಣೆ ಹಿಡಿದಿದ್ದೇವೆ. ಅದಕ್ಕೂ ಒಂದು ಕಿಟಕಿ ಇದೆ. ಪರದೆ ಮಾತ್ರ ಇಲ್ಲ, ಹಳೆಯ ಲುಂಗಿ ಕಟ್ಟಿದ್ದೇವೆ. ವೈದ್ಯರ ಮನೆಯವರೇ ಮದ್ದು ಕುಡಿಯುವುದಿಲ್ಲವಂತೆ, ಹಾಗೆ.

ನನ್ನ ಅಕ್ಕ ಸುವರ್ಣಾ ಇರುವುದು ಸಿಲಿಕಾನ್ ಓಯಸಿಸ್‌ನಲ್ಲಿ. ಮಾವ, ಅಂದರೆ ಅವಳ ಗಂಡ, ಎಂಜಿನಿಯರು. ಮಗಳು ಸ್ಫೂರ್ತಿ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ನನ್ನನ್ನು ಈ ದೇಶಕ್ಕೆ ಕರೆಸಿದವಳೂ ಅಕ್ಕನೇ, ರಜೆಯ ದಿನ ಬಿಸಿ ರೊಟ್ಟಿ ಹಾಕುವವಳೂ ಅಕ್ಕನೇ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದನ್ನು ಓದುವಾಗ ನೀವು ಯಾರ ಪರ ನಿಲ್ಲಬೇಕೆಂಬ ಗೊಂದಲ ಇರುವುದಿಲ್ಲ.

ನಮ್ಮದು ಗದಗಿನ ಕಡೆಯ ಕರಿ ಮಣ್ಣಿನ ಊರು. ಆ ಕಡೆಯವರಿಗೆ ಹಸಿ ಸೊಪ್ಪಿನ ಹುಚ್ಚು ಎಷ್ಟೆಂದು ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಪಕ್ಕದಲ್ಲಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿಯ ಎಲೆ, ಮೂಲಂಗಿಯ ಎಲೆ ರಾಶಿ ಬೀಳಬೇಕು. ಎಲ್ಲಕ್ಕಿಂತ ಮೇಲು ಹಕ್ಕರಕಿ. ಅದನ್ನು ಯಾರೂ ಬಿತ್ತುವುದಿಲ್ಲ. ಹೊಲದಲ್ಲಿ ತಾನೇ ಹುಟ್ಟಿ, ನೆಲಕ್ಕೆ ಅಂಟಿಕೊಂಡು, ಹಲ್ಲು ಹಲ್ಲಿನ ಎಲೆಗಳನ್ನು ಸುತ್ತಲೂ ಚಾಚಿ ಮಲಗಿರುತ್ತದೆ. ಬೇರುಸಹಿತ ಕಿತ್ತು, ಮಣ್ಣು ಜಾಡಿಸಿ, ಶೇಂಗಾ ಚಟ್ನಿಗೆ ಒತ್ತಿ ಬಾಯಿಗಿಟ್ಟರೆ ಮೊದಲು ಕಹಿ, ಆಮೇಲೆ ಏನೋ ಒಂದು ತಂಪು.

ಚಿಕ್ಕಂದಿನಲ್ಲಿ ಅಕ್ಕ ನಾನು ಹೊಲದ ಬದುವಿನ ಮೇಲೆ ಮೇಯುತ್ತಲೇ ಬೆಳೆದವರು. ಮೇಯುವುದು ಎಂದೇ ಬರೆಯುತ್ತೇನೆ, ಬೇರೆ ಪದ ಅದಕ್ಕೆ ಒಪ್ಪುವುದಿಲ್ಲ. ಕಡಲೆ ಹೊಲದಲ್ಲಿ ಇಬ್ಬನಿ ಇರುವಾಗಲೇ ಹೋಗಿ ಹುಳಿ ಚಿಗುರು ತಿನ್ನುವುದು, ಹುಣಸೆಯ ತಿಳಿಗೆಂಪು ಎಲೆ ಜಗಿಯುವುದು, ಬಾರಿಹಣ್ಣಿಗೆ ಕೈಯೆಲ್ಲ ಗೀರಿಸಿಕೊಳ್ಳುವುದು. ಗುರುತಿಲ್ಲದ ಎಲೆ ಸಿಕ್ಕರೆ ಅಕ್ಕ ನನ್ನ ಕೈ ಹಿಡಿಯುತ್ತಿದ್ದಳು. "ತಡಿ, ಮೊದಲ ನಾ ತಿಂತೀನಿ. ನಾ ಸತ್ತರ ನೀ ತಿನಬ್ಯಾಡ." ನಾನು ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಅವಳು ಸಾಯುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದೆ. ಅವಳು ಸಾಯದಿದ್ದರೆ ಪಾಲು ಕೇಳುತ್ತಿದ್ದೆ. ಎಂಥ ತಮ್ಮ ನೋಡಿ.

ಆ ಅಕ್ಕ ದೊಡ್ಡವಳಾಗಿ, ಓದಿ, ಮದುವೆಯಾಗಿ, ಈ ದೇಶಕ್ಕೆ ಬಂದು, ನಲವತ್ತು ದಾಟಿದ ಮೇಲೆ ಥೈರಾಯಿಡ್ಡು ಅಂಟಿಸಿಕೊಂಡಳು. ಡಾಕ್ಟರು ದಿನಾ ನಡೆಯಿರಿ ಎಂದರು. ನಡೆಯುತ್ತ ನಡೆಯುತ್ತ ಒಂದು ಗುಂಪಿನ ಪರಿಚಯವಾಯಿತು. ಹೆಂಗಸರದೇ ಗುಂಪು, ಮುಂದಾಳು ಕೇರಳದ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಾರೆ. ಚಳಿಗಾಲದಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಈ ಗುಂಪು ಭಾನುವಾರ ಬೆಳಗಾಗುತ್ತಲೇ ಪೂರ್ವದ ಗುಡ್ಡಗಳ ಕಡೆ, ಹತ್ತಾ ಎಂಬ ಊರಿನ ದಾರಿ ಹಿಡಿದು ಹೊರಡುತ್ತದೆ. ಅಲ್ಲಿ ಗುಡ್ಡದ ಬುಡಕ್ಕೆ ಘಾಫ್ ಮರಗಳ ತೋಪುಗಳಿವೆ. ಘಾಫ್ ಎಂದರೆ ಬೇರೇನೂ ಅಲ್ಲ, ದಸರೆಗೆ ನಾವು ಬಂಗಾರವೆಂದು ಎಲೆ ಹಂಚುವ ಬನ್ನಿ ಗಿಡವೇ. ಮಳೆಯ ನಂತರ ಅವುಗಳ ಕೆಳಗೆ, ಕಲ್ಲು ಮರಳಿನ ನೆಲದಲ್ಲಿ, ಎಲ್ಲಿದ್ದವೋ ಏನೋ ಸಣ್ಣ ಸಣ್ಣ ಹೂಗಳು ಏಳುತ್ತವೆ. ಗುಂಪಿನವರು ಅವುಗಳನ್ನು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೆಸರು ಹೇಳಿಕೊಳ್ಳುತ್ತಾರೆ. ಕೀಳುವಂತಿಲ್ಲ.

ಈ ಕೊನೆಯ ಮಾತು ನನಗೆ ತಮಾಷೆಯಾಗಿ ಕಂಡಿತು. ಅಕ್ಕ ಫೋನಿನಲ್ಲಿ ಹೂವಿನ ಚಿತ್ರ ತೋರಿಸಿದಾಗ ನಾನೆಂದೆ: "ಅಲ್ಲಬೇ ಅಕ್ಕಾ, ಕಸಾ ನೋಡಾಕ ಅಷ್ಟ ದೂರ ಪೆಟ್ರೋಲ್ ಸುಡತೀಯಲ್ಲ, ನಮ್ಮ ಬಿಲ್ಡಿಂಗಿನ ಹಿಂದ ಬಾ, ಬೇಕಾದಷ್ಟ ಐತಿ."

ಅಕ್ಕ ನಕ್ಕಳು. ಮುಂದಿನ ವಾರ ಅದನ್ನೇ ಸ್ವಲ್ಪ ಬದಲಾಯಿಸಿ ಹೇಳಿದೆ, ಸ್ವಲ್ಪ ನಕ್ಕಳು. ನಾನು ಒಂದೇ ಜೋಕನ್ನು ಹರಿಯುವ ತನಕ ಉಡುವ ಮನುಷ್ಯ. ಕೊನೆಗೊಂದು ದಿನ ಅವಳು ಚಿತ್ರ ತೋರಿಸುವುದನ್ನೇ ಬಿಟ್ಟಳು. ಆಗ ನನಗೆ ಅದು ಗೊತ್ತಾಗಲೂ ಇಲ್ಲ.

ಹೋದ ಚಳಿಗಾಲ ಮಳೆ ಚೆನ್ನಾಗಿ ಆಯಿತು. ಫೆಬ್ರುವರಿಯ ಒಂದು ಶನಿವಾರ ಅಕ್ಕ ಫೋನು ಮಾಡಿದಳು.

"ಬಸ್ಯಾ, ನಾಳೆ ಖಾಲಿ ಇದ್ದೀಯೇನೋ? ನಿಮ್ಮ ಮಾವಗ ಡ್ಯೂಟಿ ಐತಿ. ಗುಂಪಿನವರೂ ಈ ವಾರ ಬರೂದಿಲ್ಲ. ನಾನೊಬ್ಬಾಕಿನ ಅಷ್ಟ ದೂರ ಗಾಡಿ ಹೊಡಿಯಾಕ ಅಂಜಿಕಿ."

"ರೊಟ್ಟಿ ಕಟಗೊಂಡ ಬರತೀಯೇನು?"

"ಬರತೀನೋ ಹೊಟ್ಟಿಬಾಕ."

ಹೀಗೆ ನಾನು ಹೂ ನೋಡಲು ಹೋದೆ. ದಾರಿಯುದ್ದಕ್ಕೂ ಅಕ್ಕ ಏನೋ ಖುಷಿಯಲ್ಲಿದ್ದಳು. ಸ್ಫೂರ್ತಿ ಹಿಂದಿನ ಸೀಟಿನಿಂದ "ಮಮ್ಮಿ, ಟುಡೇ ಫಾರ್ ಶ್ಯೂರ್?" ಎನ್ನುವುದು, ಅಕ್ಕ "ಶ್ಶ್, ಬಿಸಲ ಏರಲಿ" ಎನ್ನುವುದು. ಏನು ಎಂದು ನಾನು ಕೇಳಲಿಲ್ಲ. ನನ್ನ ಲಕ್ಷ್ಯ ಡಬ್ಬಿಯ ಮೇಲಿತ್ತು. ಎಣ್ಣೆಗಾಯಿ ಬದನೆಕಾಯಿಯ ವಾಸನೆ ಮುಚ್ಚಳ ದಾಟಿ ಬರುತ್ತಿತ್ತು.

ತೋಪು ತಲುಪಿದ ಮೇಲೆ ಅಕ್ಕ ಒಂದು ದೊಡ್ಡ ಬನ್ನಿ ಮರವನ್ನು ತೋರಿಸಿದಳು. "ಅದರ ಕೆಳಗ ಚಾಪಿ ಹಾಸಿ ಡಬ್ಬಿ ತಗದಿಡು. ನಾವು ಹಳ್ಳದ ದಂಡಿಗುಂಟ ಹೋಗಿ ಬರತೀವಿ." ತಾಯಿ ಮಗಳು ಹೋದರು. ನಾನು ಚಾಪೆ ಹಾಸಿದೆ, ಡಬ್ಬಿ ಬಿಚ್ಚಿದೆ. ಪಕ್ಕದಲ್ಲೇ ನೆಲದಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ನೆಟ್ಟಗೆ ನಿಂತಿತ್ತು. ಯಾವುದೋ ಹುಡುಗರ ಕಿತಾಪತಿ ಎಂದುಕೊಂಡೆ. ಕಸ ಚೆಲ್ಲಿದರೆ ದಂಡ ಬೀಳುವ ದೇಶ, ನಾನು ಶಿಸ್ತಿನ ಮನುಷ್ಯ. ಕಿತ್ತು ಕಿಸೆಗೆ ಹಾಕಿಕೊಂಡೆ.

ಕಡ್ಡಿ ಕಿತ್ತ ಮೇಲೆ ಅದರ ಬುಡದಲ್ಲಿದ್ದ ಗಿಡ ಕಾಣಿಸಿತು.

ಹಕ್ಕರಕಿ! ನೆಲಕ್ಕೆ ಅಂಟಿಕೊಂಡು, ಹಲ್ಲು ಹಲ್ಲಿನ ಎಲೆ ಚಾಚಿ, ನನಗಾಗಿಯೇ ಮಲಗಿದಂತೆ. ಮುಂದೆ ಏನಾಯಿತೆಂದು ವಿವರಿಸಲು ನನಗೆ ಬಾರದು, ಅದು ಅಷ್ಟು ಬೇಗ ಆಯಿತು. ಬೇರುಸಹಿತ ಕಿತ್ತೆ. ಕೊಡವಿದೆ. ಬಾಟಲಿಯ ನೀರಿನಲ್ಲಿ ಜಾಲಿಸಿದೆ. ನಡುವೆ ಒಂದು ದಂಟು ಎದ್ದಿತ್ತು, ಅದರ ತುದಿಗೆ ಏನೋ ಇತ್ತು. ಎಲ್ಲವನ್ನೂ ಮಡಚಿ, ಚಟ್ನಿಗೆ ಒತ್ತಿ, ರೊಟ್ಟಿಯ ತುಣುಕಿನಲ್ಲಿ ಹಿಡಿದು ಬಾಯಿಗಿಟ್ಟೆ. ಕಣ್ಣು ಮುಚ್ಚಿ ತಿಂದೆ. ಊರಿನ ರುಚಿ ಅಲ್ಲ, ಇನ್ನೂ ಖಡಕ್ಕಾದ ಕಹಿ. ಆದರೂ ಸುಖವಾಯಿತು, ಸುಳ್ಳು ಹೇಳಲಾರೆ.

ಬಾಯಿ ತುಂಬಿರುವಾಗಲೇ ಅವರು ಬಂದರು. ಸ್ಫೂರ್ತಿ ಓಡುತ್ತ ಬಂದು ಚಾಪೆಯ ಪಕ್ಕ ಮೊಣಕಾಲೂರಿದಳು. "ಮಮ್ಮಿ! ಇಟ್ಸ್ ಗಾನ್!"

ಆಗ ತಿಳಿಯಿತು. ಆ ಗುಂಪಿನಲ್ಲಿ ಒಂದು ಪದ್ಧತಿ. ಮಳೆ ಬಿದ್ದ ಮೇಲೆ ಒಬ್ಬೊಬ್ಬರು ಒಂದೊಂದು ಗಿಡವನ್ನು ತಮ್ಮದೆಂದು ಆರಿಸಿಕೊಂಡು, ಗುರುತಿಗೆ ಬಣ್ಣ ಹಚ್ಚಿದ ಕಡ್ಡಿ ನೆಟ್ಟು, ಮೊಳಕೆಯಿಂದ ಬೀಜದ ತನಕ ವಾರ ವಾರ ನೋಡಿಕೊಳ್ಳಬೇಕು. ಅಕ್ಕ ಆರಿಸಿಕೊಂಡ ಗಿಡದ ಹೆಸರು ಟೀಚರ್‌ಗೂ ಹೊಳೆದಿರಲಿಲ್ಲ. ಹೂ ಬಿಡಲಿ, ಆಗ ಹೇಳುತ್ತೇನೆ ಎಂದಿದ್ದರಂತೆ. ಹೋದ ವಾರ ಮೊಗ್ಗು ಬಂದಿತ್ತು. ಇವತ್ತು ಬಿಸಿಲೇರಿದರೆ ಅರಳುವುದಿತ್ತು. ಅದಕ್ಕಾಗಿಯೇ ಅಕ್ಕ ಮೊದಲು ಹಳ್ಳದ ದಂಡೆ ಸುತ್ತಿ ಬಂದದ್ದು. ಚಿಕ್ಕಂದಿನಿಂದಲೂ ಹೋಳಿಗೆಯನ್ನು ಊಟದ ಕೊನೆಗೆ ಉಳಿಸಿಕೊಳ್ಳುವವಳು ಅವಳು.

ಇದೆಲ್ಲ ನನಗೆ ಮೊದಲೇ ಯಾಕೆ ಹೇಳಿರಲಿಲ್ಲ ಎಂದು ನೀವು ಕೇಳಬಹುದು. ಹೇಳಿದ್ದರೆ ನಾನು ಕಸದ ಜೋಕು ಹೇಳುತ್ತಿದ್ದೆ.

ಅಕ್ಕ ಆ ಸಣ್ಣ ಕುಳಿಯ ಮುಂದೆ ಕೂತಳು. ನಾನು ಅಗಿಯುವುದನ್ನು ನಿಲ್ಲಿಸಿದೆ. ನುಂಗಲೂ ಆಗದು, ಉಗುಳಲೂ ಆಗದು. ಆಮೇಲೆ ಅವಳ ಮುಖ ಮೆಲ್ಲಗೆ ಬೆಳಗಿತು. ನೆಲದ ಮೇಲೆ ಜಿಂಕೆಯದೆನ್ನಬಹುದಾದ ಗೊರಸಿನ ಗುರುತುಗಳಿದ್ದವು.

"ಸ್ಫೂರ್ತಿ, ಇಲ್ಲಿ ನೋಡ! ಚಿಗರಿ ಬಂದೈತಿ! ನನ್ನ ಗಿಡಾ ಚಿಗರಿ ತಿಂದೈತಿ!"

"ಗಝೆಲ್? ರಿಯಲಿ? ಇಟ್ ಏಟ್ ದ ಸ್ಟಿಕ್ ಆಲ್ಸೋ?"

"ಕಡ್ಡ್ಯಾಗ ಸಕ್ಕರಿ ಅಂಶ ಇತ್ತಲ್ಲ, ಅದಕ್ಕ." ಅಕ್ಕ ನನ್ನ ಕಡೆ ತಿರುಗಿದಳು. "ಹೌದಲ್ಲೋ ಬಸ್ಯಾ? ಚಿಗರೀನ ಅಲ್ಲ?"

ಅವು ಹತ್ತಿರದ ತೋಟದ ಆಡುಗಳ ಹೆಜ್ಜೆ ಎಂದು ಊರಿನಲ್ಲಿ ಆಡು ಕಾದ ನನಗೆ ಗೊತ್ತಿತ್ತು. ಅವುಗಳ ಪಕ್ಕದಲ್ಲೇ ನನ್ನ ಚಪ್ಪಲಿಯ ಗುರುತೂ ಇತ್ತು. ಮನೆಯವರ ಹೆಜ್ಜೆಯನ್ನು ಯಾರು ನೋಡುತ್ತಾರೆ? ನಾನು ರೊಟ್ಟಿ ನುಂಗಿ, "ಚಿಗರೀನ ಇರಬೇಕು" ಎಂದೆ.

ಅಕ್ಕನ ಸಂತೋಷ ಕೆಡಿಸಬಾರದು ಎಂಬ ಒಳ್ಳೆಯ ಬುದ್ಧಿಯಿಂದ ಹಾಗೆಂದೆ ಎಂದು ಬರೆದುಕೊಳ್ಳಬಹುದಿತ್ತು. ಬೈಸಿಕೊಳ್ಳುವ ಹೆದರಿಕೆ, ಅಷ್ಟೇ.

ಸುದ್ದಿ ಗುಂಪಿಗೆ ಹೋಯಿತು. ಗಿಡ ಹೋದದ್ದಕ್ಕೆ ಯಾರೂ ಅಳಲಿಲ್ಲ, ಚಿಗರಿ ಬಂದದ್ದಕ್ಕೆ ಎಲ್ಲರೂ ಕುಣಿದರು. ಟೀಚರ್ ಮಾತ್ರ "ಇರಬಹುದು, ನೋಡೋಣ" ಎಂದರಂತೆ. ರುಚಿ ಹತ್ತಿದ ಪ್ರಾಣಿ ಮತ್ತೆ ಬರುತ್ತದೆಂದು ತೀರ್ಮಾನವಾಯಿತು. ಅದು ಸುಳ್ಳಲ್ಲ, ಬಂತು. ಮುಂದಿನ ಭಾನುವಾರವೇ ಅಕ್ಕನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಬಂತು. ಅಪರಾಧ ಮಾಡಿದವನಿಗೆ ಆ ಜಾಗ ಬಿಟ್ಟಿರಲು ಆಗುವುದಿಲ್ಲ ಎನ್ನುತ್ತಾರಲ್ಲ, ಹಾಗೆ ನಾನು ಪ್ರತಿ ಭಾನುವಾರ ಕರೆಯದಿದ್ದರೂ ಹೊರಟು ನಿಲ್ಲುತ್ತಿದ್ದೆ. ಅಕ್ಕನಿಗೆ ಆಶ್ಚರ್ಯ, ಸಂತೋಷ. "ನನ್ನ ತಮ್ಮಗೂ ಹುಚ್ಚ ಹತ್ತೈತಿ" ಎಂದು ಗುಂಪಿಗೆಲ್ಲ ಹೇಳಿದಳು. ಸೂರ್ಯ ಹುಟ್ಟುವ ಮೊದಲೇ ಎಲ್ಲರೂ ಮರಗಳ ಹಿಂದೆ ಅಡಗಿ ಕೂರುವುದು. ದುರ್ಬೀನು ಹಿಡಿದು ಚಿಗರಿ ಹುಡುಕುವುದು. ಚಿಗರಿ ಅವರ ನಡುವೆಯೇ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿತ್ತು.

ಕಾಯುವ ಕೆಲಸದಲ್ಲಿ ಒಂದು ತೊಂದರೆ ಇದೆ. ಮಾತಾಡುವಂತಿಲ್ಲ, ಫೋನು ಬೆಳಗಿಸುವಂತಿಲ್ಲ. ಸುಮ್ಮನೆ ಕಣ್ಣು ತೆರೆದು ಕೂರಬೇಕು. ಹಾಗೆ ಕೂತ ಕಣ್ಣಿಗೆ ಏನೇನೋ ಬೀಳತೊಡಗಿದವು. ಇರುಳೆಲ್ಲ ಯಾವುದೋ ಹುಳು ಮರಳ ಮೇಲೆ ಕೌದಿಯ ಹೊಲಿಗೆಯಂತೆ ನಡೆದು ಹೋದ ಗುರುತು. ತಲೆಗೆ ಬೀಸಣಿಗೆ ಸಿಕ್ಕಿಸಿಕೊಂಡ ಹಕ್ಕಿ ಕೊಕ್ಕಿನಿಂದ ನೆಲ ಚುಚ್ಚುತ್ತ ಲೆಕ್ಕ ತಪಾಸಣೆಗೆ ಬಂದ ಅಧಿಕಾರಿಯಂತೆ ತಿರುಗುವುದು. ನನ್ನ ಕಾಲ ಬಳಿಯೇ ಕಲ್ಲಾಗಿ ಕೂತಿದ್ದು, ನಾನು ಸೀನಿದಾಗ ಮೊಲವಾಗಿ ಓಡಿದ ಒಂದು ಮೊಲ. ಮಾರ್ಚಿ ಹೊತ್ತಿಗೆ ಬನ್ನಿ ಮರ ಹೂಬಿಟ್ಟಿತು. ತಿಳಿ ಹಳದಿಯ ತೆಳ್ಳನೆಯ ತೆನೆಗಳು, ಅವುಗಳ ತುಂಬ ಜೇನುನೊಣ. ಊರಿನಲ್ಲಿ ಪ್ರತಿ ವರ್ಷ ಅದರ ಎಲೆ ಹರಿದವನು ನಾನು. ಅದಕ್ಕೊಂದು ಹೂ ಇದೆಯೆಂದು ಅಲ್ಲಿ ಗೊತ್ತಾಯಿತು.

ಅಕ್ಕ ಪಿಸುಮಾತಿನಲ್ಲಿ ಒಂದೊಂದನ್ನೇ ತೋರಿಸುವಳು. ಮತ್ತೆ ಫೋನಿನ ಚಿತ್ರಗಳನ್ನೂ ತೋರಿಸತೊಡಗಿದ್ದಳು. ನಾನು ಸುಖವಾಗಿದ್ದೆ. ಇಂಥ ಸುಖ ಒಂದು ಸುಳ್ಳಿನ ಬಾಡಿಗೆ ಮನೆಯಲ್ಲಿದೆ ಎಂಬುದು ನೆನಪಾದಾಗ ಮಾತ್ರ ಹೊಟ್ಟೆಯಲ್ಲಿ ಆ ಸೊಪ್ಪು ಮತ್ತೆ ಮೊಳೆತಂತೆ ಆಗುತ್ತಿತ್ತು.

ಏಪ್ರಿಲ್ ಬಂತು, ಬಿಸಿಲು ಬಲಿಯಿತು. ಗುಂಪಿನವರು "ಖಲಾಸ್, ಇನ್ನು ಚಳಿಗಾಲಕ್ಕೇ" ಎಂದು ನಿಲ್ಲಿಸಿದರು. ಅಕ್ಕ ಇನ್ನೊಂದೇ ಸಲ ಎಂದು ನನ್ನನ್ನು ಕರೆದುಕೊಂಡು ಹೋದಳು, ನಾವಿಬ್ಬರೇ. ಚಿಗರಿ ಬರಲಿಲ್ಲ. ಬಿಸಿಲು ಏರಿದ ಮೇಲೆ ಅಕ್ಕ ಮರಳಿನಲ್ಲಿ ಬೆರಳಾಡಿಸುತ್ತ ಹೇಳಿದಳು:

"ಬಸ್ಯಾ, ತಪ್ಪು ನಂದ. ಒಂದ ಚಿಗರಿ ಧೈರ್ಯಾ ಮಾಡಿ ಬಂದಿತ್ತು. ನಾನು ಊರೆಲ್ಲಾ ಡಂಗುರ ಸಾರಿ, ಮಂದಿನ್ನ ಕರಕೊಂಡ ಬಂದ ಕುಂಡ್ರಿಸಿದೆ. ಅಂಜಿ ಹೋತು. ಮುಂದಿನ ವರ್ಷ ನಾ ಇಲ್ಲಿಗೆ ಬರೂದಿಲ್ಲ. ಟೀಚರ್‌ಗೂ ಹೇಳತೀನಿ, ಗುಂಪು ಬಿಡತೀನಿ ಅಂತ. ಅದರ ಜಾಗಾ ಅದಕ್ಕ ಇರಲಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಇಲ್ಲದ ಚಿಗರಿಗಾಗಿ ಅಕ್ಕ ತನ್ನ ಭಾನುವಾರಗಳನ್ನೆಲ್ಲ ಬಿಟ್ಟುಕೊಡಲು ಹೊರಟಿದ್ದಳು.

"ಅಕ್ಕಾ, ಚಿಗರಿ ಬಂದಿದ್ದಿಲ್ಲ."

"ಹಂಗಂದ್ರ?"

"ಅದನ್ನ ನಾನ ತಿಂದೆ. ರೊಟ್ಟಿ ಜೋಡಿ. ಹಕ್ಕರಕಿ ಅಂತ ತಿಳದಿದ್ದೆ. ಕಡ್ಡೀನೂ ನನ್ನ ಕಡೇನ ಐತಿ."

ಅಕ್ಕ ನನ್ನನ್ನೇ ನೋಡಿದಳು. ನೋಡುತ್ತಲೇ ಕೈಯೆತ್ತಿ ನನ್ನ ಭುಜಕ್ಕೆ ಬಲವಾಗಿ ಹೊಡೆದಳು. "ಮೂರ್ಖ! ಟೀಚರ್‌ಗ ಸೈತ ಗೊತ್ತಿಲ್ಲದ ಗಿಡಾ ಅದು! ವಿಷ ಆಗಿದ್ರ? ಅವ್ವಗ ನಾ ಏನಂತ ಹೇಳಲಿ? ಹೊಟ್ಟಿ ನೋಯಲಿಲ್ಲೇನು? ವಾಂತಿ? ತಲಿ ತಿರಗಲಿಲ್ಲ?"

"ಏನೂ ಆಗಲಿಲ್ಲಬೇ. ಎರಡ ತಿಂಗಳಾತು."

ಇನ್ನೆರಡು ಏಟು ಬಿದ್ದವು. ಅವು ವಿಷಕ್ಕಲ್ಲ, ಚಿಗರಿಗೆ. ನಾನು ಮುಂದಿನ ಬೈಗುಳಕ್ಕೆ ತಯಾರಾಗಿ ಕೂತೆ. ಅದು ಬರಲಿಲ್ಲ. ಬಹಳ ಮೆತ್ತಗೆ ಕೇಳಿದಳು.

"ಹೂ ಅರಳಿತ್ತೇನು?"

"ದಂಟಿನ ತುದಿಗೆ ಏನೋ ಇತ್ತು."

"ಯಾವ ಬಣ್ಣ?"

ಪರದೆ ಅಂಗಡಿಯಲ್ಲಿ ಬಿಳಿಯೊಂದಕ್ಕೇ ಎಷ್ಟೋ ಹೆಸರು ಹೇಳುವವನು ನಾನು. ಬಟ್ಟೆ ನಮೂನೆಗಳ ಆಲ್ಬಮ್ ನೋಡದೆ ಕೆನೆ ಯಾವುದು, ದಂತ ಯಾವುದು ಹೇಳಬಲ್ಲೆ. ಹಳದಿ ಎಂದುಬಿಟ್ಟಿದ್ದರೆ ಅಕ್ಕ ನಂಬುತ್ತಿದ್ದಳು. ಟೀಚರ್‌ಗೆ ಹೇಳಿ ಒಂದು ಹೆಸರನ್ನೂ ಪಡೆಯುತ್ತಿದ್ದಳು. ಎಷ್ಟು ವಾರ ಕಾದಿದ್ದಳು ಅವಳು. ಅದು ಅರಳಿದ್ದರೆ ಆ ಹೂವಿನ ಎದುರಿಗಿದ್ದ ಮನುಷ್ಯ ನಾನೊಬ್ಬನೇ.

"ನೋಡಲಿಲ್ಲ ಅಕ್ಕಾ."

"ನೋಡಲಾರದ ತಿಂದ್ಯಾ?"

ಕದ್ದು ತಿಂದದ್ದಕ್ಕೆ ಆಗದ ನಾಚಿಕೆ ಈ ಮಾತಿಗೆ ಆಯಿತು.

ಅಕ್ಕ ಎದ್ದಳು. ನನ್ನ ಮಣಿಕಟ್ಟು ಹಿಡಿದು ಹಳ್ಳದ ಕಲ್ಲುಗಳ ನಡುವೆ ಎಳೆದುಕೊಂಡು ಹೋದಳು. ಒಂದು ಮುಳ್ಳಿನ ಗಿಡದ ಮುಂದೆ ನಿಲ್ಲಿಸಿದಳು. ಸುತ್ತ ಎಲ್ಲ ಒಣಗಿತ್ತು, ಅದರಲ್ಲೊಂದು ಪುಟ್ಟ ಹೂ ಇತ್ತು.

"ಹೇಳು, ಇದರ ಬಣ್ಣ."

"ನೇರಳೆ."

"ಸರಿಯಾಗಿ ನೋಡು."

"ಬದನೀಕಾಯಿ ಹೂವಿನಂಗ..."

"ತಿನ್ನೂದನ್ನ ಬಿಟ್ಟ ಹೇಳು!"

"ಲ್ಯಾವೆಂಡರ್ ಅಂತ ಒಂದ ಪರದಿ ಅರಿವಿ ಬರತೈತಿ..."

"ಅರಿವಿ ಅಂಗಡಿನೂ ಬ್ಯಾಡ. ಕುಂಡ್ರು."

ಮೊಣಕಾಲೂರಿ ಕೂತೆ. ಕಲ್ಲು ಸುಡುತ್ತಿತ್ತು. ಹೂವಿನ ಹತ್ತಿರ ಮುಖ ಒಯ್ದೆ. "ಐದ ಎಸಳು. ಒಂದಕ್ಕೊಂದು ಹತ್ತಿಲ್ಲ, ನಡುವ ಸಂದಿ ಐತಿ. ಬುಡದಾಗ ಸಣ್ಣ, ತುದಿಗೆ ಅಗಲ. ಬಣ್ಣ ಎಲ್ಲಾ ಕಡೆ ಒಂದ ಇಲ್ಲ, ಒಳಗ ಹೋದಂಗ ತಿಳಿ ಆಗೇತಿ. ನಟ್ಟನಡುವ ಹಳದಿ ಪುಡಿ." ಸ್ವಲ್ಪ ಹೊತ್ತು ಉಸಿರು ಹಿಡಿದೆ. "ಒಂದ ಇರಿವಿ ಬಂತು. ಮೀಸಿಗೆ ಪುಡಿ ಹಚಗೊಂಡ ಹೊಂಟೈತಿ."

ತಿರುಗಿ ನೋಡಿದರೆ ಅಕ್ಕನೂ ನನ್ನ ಪಕ್ಕದಲ್ಲಿ ಕೂತು ಆ ಇರುವೆಯನ್ನೇ ನೋಡುತ್ತಿದ್ದಳು. ಅದು ಎಸಳಿನ ಅಂಚಿಗೆ ಬಂದು, ಇಳಿಯಲೋ ಬೇಡವೋ ಎಂದು ಯೋಚಿಸಿ, ಇಳಿದು ಹೋಯಿತು. ಅಕ್ಕ ಎದ್ದು ಸೀರೆಯ ಮರಳು ಕೊಡವಿಕೊಂಡಳು. ಗುಂಪಿಗೆ ನೀನೇ ಹೇಳಬೇಕು ಎಂದಳು, ಆಗಲಿ ಎಂದೆ. ಇಬ್ಬರೂ ಗಾಡಿಯ ತನಕ ನಡೆದೆವು. ಬಾಗಿಲು ತೆರೆಯುವಾಗ ಧೈರ್ಯ ಮಾಡಿ ಕೇಳಿದೆ.

"ಮುಂದಿನ ವರ್ಷ ಬರತೀವಿ ಅಲ್ಲಬೇ?"

ಅಕ್ಕ ಗಾಡಿ ಚಾಲೂ ಮಾಡಿದಳು, ಕನ್ನಡಿ ಸರಿಮಾಡಿಕೊಂಡಳು, ಬೆಲ್ಟು ಹಾಕಿಕೊಂಡಳು.

"ಬರೂಣು. ಆದ್ರ ನೀ ಮನ್ಯಾಗ ಹೊಟ್ಟಿ ತುಂಬ ಉಂಡ ಬಾ."